ಹಳೇ ಪ್ಲಾಸ್ಮಾ ಕಟರ್, ಡೈರಿಯ ತಕ್ಕಡಿ

ಚಳ್ಳಕೆರೆ ಕಡೆಯ ಗರಸು ಭೂಮಿಯಲ್ಲಿ ಕುಂಟೆಯ ಬ್ಲೇಡು ಬೇಗ ಸವೆಯುತ್ತದೆ. ಪೇಟೆಯಲ್ಲಿ ಸಿಗುವ ತೆಳು ಪಟ್ಟಿಯದು ಒಂದು ಹಂಗಾಮು ಬಂದರೆ ಪುಣ್ಯ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಂಡರೆ ಮೂರು ಹಂಗಾಮಿಗೆ ಮೋಸವಿಲ್ಲ. ಆದರೆ ಆ ಪಟ್ಟಿಯನ್ನು ಕೊಯ್ಯುವುದೇ ದೊಡ್ಡ ಕೆಲಸ. ಗ್ರೈಂಡರಿನಲ್ಲಿ ಕೊಯ್ದರೆ ಒಂದು ಬ್ಲೇಡಿಗೆ ಎರಡು ಚಕ್ರ ಸವೆಯುತ್ತವೆ, ಸೊಂಟ ಬಿದ್ದುಹೋಗುತ್ತದೆ. ಗ್ಯಾಸ್ ಕಟಿಂಗ್ ಮಾಡಿಸಿದರೆ ಬೆರಳಗಲ ಕಾದು ಉಕ್ಕಿನ ಹದ ಹೋಗುತ್ತದೆ, ಮೇಲೆ ಪೇಟೆಗೆ ಹೋಗಿ ಬರುವ ಒಂದು ದಿನ ದಂಡ. ಮಳೆ ಬಿದ್ದು ಎಡೆ ಹೊಡೆಯುವ ಹೊತ್ತಿನಲ್ಲಿ ಒಂದು ದಿನ ಅಂದರೆ ಎಷ್ಟು ಅಂತ ಒಣಬೇಸಾಯದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ನಾವು ನಾಲ್ಕು ಮನೆಯವರು ಸೇರಿ ಹಳೇ ಪ್ಲಾಸ್ಮಾ ಕಟರ್ ಒಂದನ್ನು ಕೊಂಡೆವು. ಗೇಟು, ಗ್ರಿಲ್ ಮಾಡುವ ಅಂಗಡಿ ಮುಚ್ಚುತ್ತಿದ್ದವರ ಹತ್ತಿರ 11,500 ರೂಪಾಯಿಗೆ ಸಿಕ್ಕಿತು. 40 ಆಂಪ್ಸಿನದು, ಸಿಂಗಲ್ ಫೇಸಿನಲ್ಲಿ ನಡೆಯುತ್ತದೆ. "ಹತ್ತುತ್ತೆ, ಆದ್ರೆ ಆರ್ಕ್ ನಿಲ್ಲಲ್ಲ, ನೋಡ್ಕಳಿ" ಅಂತ ಮಾರಿದವರೇ ಹೇಳಿದ್ದರು. ಬೆಲೆ ಇಳಿದದ್ದೇ ಅದಕ್ಕೆ. ಗಾಳಿಗೆ ಕಂಪ್ರೆಸರ್ ನಮ್ಮ ಶೆಡ್ಡಿನಲ್ಲಿ ಮೊದಲೇ ಇತ್ತು, ಶೆಡ್ಡಿಗೆ ಬೇರೆ ಮೀಟರೂ ಇತ್ತು.

ಆರ್ಕ್ ನಿಲ್ಲದ ರೋಗ ನಮ್ಮದೇ ತಲೆನೋವು, ನಿಧಾನಕ್ಕೆ ನೋಡಿಕೊಳ್ಳಬಹುದಿತ್ತು. ಇನ್ನೊಂದು ರೋಗ ಊರಿನದಾಯಿತು. ಶೆಡ್ಡಿನಿಂದ ಮೂರನೇ ಕಟ್ಟಡವೇ ಹಾಲಿನ ಡೈರಿ. ಸಂಜೆ ಹಾಲು ಅಳೆಯುವ ಹೊತ್ತಿಗೆ ನಾವು ಇಲ್ಲಿ ಟಾರ್ಚಿನ ಸ್ವಿಚ್ ಒತ್ತಿದರೆ ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಕುಣಿಯುತ್ತಿತ್ತು. ಮೂರನೇ ದಿನ ಡೈರಿ ಕಾರ್ಯದರ್ಶಿ ಬಂದು, "ಅಣ್ಣ, ನೀನು ಇಲ್ಲಿ ಚರ್ ಅನ್ನಿಸಿದ್ರೆ ಅಲ್ಲಿ ಹಾಲು ಮೇಲಕ್ಕೂ ಕೆಳಕ್ಕೂ ಹೋಗ್ತೈತೆ. ಜನ ನನ್ನ ಮೇಲೆ ಬೀಳ್ತಾರೆ" ಅಂದರು. ಹಿಂದೆಯೇ ಬಂದ ಒಬ್ಬ ಅಜ್ಜಿ, "ನಂದು ಇರೋದೇ ಒಂದೂವರೆ ಲೀಟ್ರು ಕಣಪ್ಪ, ಅದ್ರಾಗೆ ಕಾಲು ಹೋದ್ರೆ ಏನುಳೀತು?" ಅಂದರು. ಮಷೀನನ್ನು ಊರಾಚೆ ಹೊಲಕ್ಕೆ ಒಯ್ಯಿರಿ ಎಂದವರೂ ಇದ್ದರು. ಹೊಲದಲ್ಲಿ ಕರೆಂಟು ಬರುವುದು ಯಾವಾಗಲೋ, ಬಂದಾಗ ವೋಲ್ಟೇಜ್ ಇರುವುದಿಲ್ಲ. ರೋಗ ಬಿಡಿಸುವ ತನಕ ಡೈರಿ ಹೊತ್ತಿನಲ್ಲಿ ಮಷೀನು ಹಚ್ಚುವುದಿಲ್ಲ ಎಂದು ಮಾತು ಕೊಟ್ಟು ಕೆಲಸಕ್ಕೆ ಕೂತೆ.

ಗದ್ದಲ ಹುಟ್ಟುವುದು ಎಲ್ಲಿ?

ಪ್ಲಾಸ್ಮಾ ಕಟರಿನ ಗುಟ್ಟು ಇಷ್ಟೇ. ಗಾಳಿಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಒಂದು ಕಿಡಿ ಹಾರಿಸಿ ಗಾಳಿಯನ್ನು ಒಡೆದರೆ ಅದೇ ಗಾಳಿ ತಂತಿಯ ಹಾಗೆ ಕರೆಂಟು ಹೊರುತ್ತದೆ. ಆ ಉರಿಯುವ ಗಾಳಿಯನ್ನು ಸಣ್ಣ ತೂತಿನಲ್ಲಿ ನುಗ್ಗಿಸಿದರೆ ಕಬ್ಬಿಣ ಕರಗುವುದಕ್ಕಿಂತ ಹತ್ತು ಪಟ್ಟಿಗೂ ಮೀರಿದ ಬಿಸಿ ಹುಟ್ಟುತ್ತದೆ. ಕರಗಿದ ಕಬ್ಬಿಣವನ್ನು ಗಾಳಿಯೇ ಊದಿ ಕೆಳಗೆ ಹಾಕುತ್ತದೆ. ಅಮೆರಿಕದ ರಾಬರ್ಟ್ ಗೇಜ್ ಎಂಬುವರಿಗೆ 1957ರಲ್ಲಿ ಇದರ ಪೇಟೆಂಟ್ ಸಿಕ್ಕಿತು.

ಮೊದಲ ಕಿಡಿ ಹಾರಿಸುವುದರಲ್ಲಿ ಎರಡು ಬಗೆ. ಒಂದರಲ್ಲಿ ಟಾರ್ಚಿನ ಒಳಗೆ ಎಲೆಕ್ಟ್ರೋಡೂ ನಾಜಲ್ಲೂ ತಾಗಿಕೊಂಡಿರುತ್ತವೆ. ಸ್ವಿಚ್ ಒತ್ತಿದಾಗ ಗಾಳಿಯ ಒತ್ತಡ ಅವೆರಡನ್ನೂ ಬೇರೆ ಮಾಡುತ್ತದೆ, ಆಗ ಕಿಡಿ. ಬ್ಲೋಬ್ಯಾಕ್ ಎನ್ನುವುದು ಇದಕ್ಕೇ. ಇನ್ನೊಂದರಲ್ಲಿ ಪೆಟ್ಟಿಗೆಯ ಒಳಗೇ ಎರಡು ಲೋಹದ ಮೊನೆಗಳ ನಡುವೆ ಕಿಡಿ ಹಾರುತ್ತದೆ. ಸಾವಿರಾರು ವೋಲ್ಟು, ಅದೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅಲುಗುವಂಥದು, ಟಾರ್ಚಿನ ತುದಿಗೆ ಹೋಗಿ ಗಾಳಿಯನ್ನು ಒಡೆಯುತ್ತದೆ. ಇದು ಎಚ್.ಎಫ್. ಬಗೆ. ಅಗ್ಗದ ಮಷೀನುಗಳಲ್ಲಿ ಹೆಚ್ಚಿನವು ಇವೇ, ನಮ್ಮದೂ ಅದೇ. ಗುರುತಿಸುವುದು ಸುಲಭ. ಸ್ವಿಚ್ ಒತ್ತಿದಾಗ ಪೆಟ್ಟಿಗೆಯ ಒಳಗಿಂದ ಜೀರುಂಡೆ ಹಾಗೆ 'ಚಿರ್ರ್' ಅಂದರೆ ಎಚ್.ಎಫ್. ಟಾರ್ಚಿನ ತುದಿಯಲ್ಲಿ 'ಟಪ್' ಅಂದರೆ ಬ್ಲೋಬ್ಯಾಕ್.

ಈ ಕಿಡಿಯೇ ಗದ್ದಲದ ಮೂಲ. ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ಸಾಗರ ದಾಟಿಸಿದ ರೇಡಿಯೊ ಸಂಕೇತ ಹುಟ್ಟಿದ್ದೂ ಇಂಥ ಕಿಡಿಯಿಂದಲೇ. ಅಂದಮೇಲೆ ನಮ್ಮ ಶೆಡ್ಡಿನಲ್ಲಿ ಒಂದು ಸಣ್ಣ ರೇಡಿಯೊ ಸ್ಟೇಷನ್ನೇ ಕೂತಿದೆ, ಹಾಡು ಮಾತ್ರ ಬರುವುದಿಲ್ಲ. ಮಷೀನು ಸರಿಯಿದ್ದರೆ ಈ ಕಿಡಿ ಅರೆ ಕ್ಷಣದ ಕೆಲಸ. ಆರ್ಕ್ ಹತ್ತಿದ ತಕ್ಷಣ ನಿಲ್ಲುತ್ತದೆ. ನಮ್ಮ ಮಷೀನಿನಲ್ಲಿ ಆರ್ಕ್ ಆರಿ ಆರಿ ಹೋಗುತ್ತಿದ್ದುದರಿಂದ ಕಿಡಿ ಪದೇ ಪದೇ ಹಾರುತ್ತಿತ್ತು. ಹಾಗಾಗಿ ನಮ್ಮ ತಲೆನೋವು, ಊರಿನ ತಲೆನೋವು ಎರಡೂ ಒಂದೇ ಬಳ್ಳಿಯ ಕಾಯಿ.

ತಂತಿಯಲ್ಲೋ, ಗಾಳಿಯಲ್ಲೋ?

ಗದ್ದಲ ಡೈರಿಗೆ ಹೋಗಲು ಎರಡು ದಾರಿ. ಕರೆಂಟಿನ ತಂತಿ ಹಿಡಿದು ಹೋಗಬಹುದು, ಇಲ್ಲವೆ ರೇಡಿಯೊ ಅಲೆಯಾಗಿ ಗಾಳಿಯಲ್ಲೇ ಹೋಗಬಹುದು. ಇದು ಗೊತ್ತಾಗದೆ ದುಡ್ಡು ಸುರಿದರೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ಡೈರಿಯ ತಕ್ಕಡಿಗೆ ಒಳಗೇ ಬ್ಯಾಟರಿ ಇದೆ, ಕರೆಂಟು ಹೋದಾಗ ಅದರಲ್ಲೇ ನಡೆಯುತ್ತದೆ. ಹಾಲಿನ ಹೊತ್ತು ಮುಗಿದ ಮೇಲೆ ಕಾರ್ಯದರ್ಶಿಯವರನ್ನು ಕೂರಿಸಿಕೊಂಡು ತಕ್ಕಡಿಯ ಮೇಲೆ ಮುದ್ರೆ ಇರುವ 5 ಕಿಲೋ ಬಟ್ಟು ಇಟ್ಟೆವು. ನನ್ನ ತಮ್ಮನ ಮಗ ಶೆಡ್ಡಿನಲ್ಲಿ ಟಾರ್ಚ್ ಒತ್ತಿದ. ಪ್ಲಗ್ಗು ಗೋಡೆಯಲ್ಲಿದ್ದಾಗ 5.000 ಇದ್ದದ್ದು 4.840ಕ್ಕೆ ಇಳಿಯಿತು, 5.190ಕ್ಕೆ ಹತ್ತಿತು. ಪ್ಲಗ್ಗು ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ 10 ಗ್ರಾಂ ಆಚೀಚೆ, ಅಷ್ಟೇ. ಹತ್ತು ಸಲ ಒತ್ತಿ ನೋಡಿದೆವು, ಹತ್ತೂ ಸಲ ಹಾಗೇ. ಬಹುಪಾಲು ಗದ್ದಲ ತಂತಿಯಲ್ಲೇ ಬರುತ್ತಿದೆ ಎಂದು ಖಾತ್ರಿಯಾಯಿತು. ಅವತ್ತಿನಿಂದಲೇ ಹಾಲು ಅಳೆಯುವಾಗ ತಕ್ಕಡಿಯನ್ನು ಬ್ಯಾಟರಿಯಲ್ಲಿ ನಡೆಸಲು ಕೇಳಿಕೊಂಡೆ. ಮಧ್ಯಾಹ್ನ ಚಾರ್ಜ್ ಮಾಡಿಕೊಂಡರಾಯಿತು.

ಇನ್ನೊಂದು ಉಪಾಯ ಸೆಲ್ ಹಾಕುವ ಹಳೇ ರೇಡಿಯೊ. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಬರದ ಜಾಗಕ್ಕೆ ಮುಳ್ಳು ತಿರುಗಿಸಿ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದೆ. ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ ಬಯಲಿಗೆ ಹೋದರೆ 'ಗರ್ರ್' ಶಬ್ದ ಕಡಿಮೆಯಾಗುತ್ತಿತ್ತು. ಕಂಬದಿಂದ ಡೈರಿಗೆ ಹೋಗುವ ಸರ್ವಿಸ್ ವೈರಿನ ಕೆಳಗೆ ಬಂದರೆ ಮತ್ತೆ ಜೋರು. ಶೆಡ್ಡಿಗೂ ಡೈರಿಗೂ ಒಂದೇ ಕಂಬ. ಮೀಟರು ಗೀಟರು ಏನೂ ಬೇಡ, ಮನೆಯ ಅಟ್ಟದ ಮೇಲಿದ್ದ ರೇಡಿಯೊ ಸಾಕಾಯಿತು. ಮುಂದೆ ಏನೇ ಬದಲಾಯಿಸಿದರೂ ಬಟ್ಟು, ರೇಡಿಯೊ ಎರಡರಲ್ಲೂ ನೋಡಿಯೇ ಮುಂದಕ್ಕೆ ಹೋದೆವು.

ಮಷೀನಿನದೇ ರೋಗ

ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಮಾಮೂಲಿ ವೆಲ್ಡಿಂಗ್ ಮಷೀನಿನಲ್ಲಿ ಕೈಗೆ ಸಿಗುವುದು 60-80 ವೋಲ್ಟು. ಪ್ಲಾಸ್ಮಾ ಟಾರ್ಚಿನ ತುದಿಯಲ್ಲಿ 200ರಿಂದ 300 ವೋಲ್ಟು ಡಿ.ಸಿ. ಇರುತ್ತದೆ. ನಾಜಲ್ ಬಿಚ್ಚುವ ಮೊದಲು ಪ್ಲಗ್ಗನ್ನೇ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಪೆಟ್ಟಿಗೆಯ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ಕರೆಂಟು ಆಮೇಲೂ ನಿಂತಿರುತ್ತದೆ. ಒಳಗಿನ ಕೆಲಸಕ್ಕೆ ನಾನು ಮೋಟಾರ್ ವೈಂಡಿಂಗ್ ಮಾಡುವವರನ್ನೇ ಕರೆಸಿದೆ. ಪ್ಲಗ್ಗು ಕಿತ್ತು ಕಾಲು ಗಂಟೆ ಕಾದು, ಮೀಟರಿನಲ್ಲಿ ಸೊನ್ನೆ ನೋಡಿಕೊಂಡ ಮೇಲೇ ಅವರು ಕೈ ಇಟ್ಟದ್ದು.

ಹೊರಗಿನ ಕೆಲಸ ನಾವೇ ಮಾಡಿದೆವು. ಮೊದಲು ಗಾಳಿ. ಕಂಪ್ರೆಸರಿನ ತಳದ ತಿರುಪು ಬಿಚ್ಚಿದರೆ ಒಂದು ಚೊಂಬು ತುಕ್ಕುನೀರು ಬಂತು. ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು, ಅದೆಲ್ಲ ಟ್ಯಾಂಕಿನಲ್ಲಿ ನೀರಾಗಿ ಕೂರುತ್ತದೆ. ನೀರು ಟಾರ್ಚಿಗೆ ಹೋದರೆ ಆರ್ಕ್ ಉಗುಳುತ್ತದೆ, ಆರುತ್ತದೆ, ಎಲೆಕ್ಟ್ರೋಡನ್ನು ತಿಂದುಹಾಕುತ್ತದೆ. ಮಷೀನಿನ ಹಿಂದಿನ ಗಾಜಿನ ಬಟ್ಟಲಿನಲ್ಲೂ ಎಣ್ಣೆ ನೀರು ಕಲೆಸಿ ಮಜ್ಜಿಗೆ ಹಾಗಿತ್ತು. ತೊಳೆದು, ಇನ್ನೊಂದು ಫಿಲ್ಟರನ್ನು ಕಂಪ್ರೆಸರಿನಿಂದ ದೂರಕ್ಕೆ, ಗಾಳಿ ತಣ್ಣಗಾದ ಜಾಗಕ್ಕೆ ಕೂರಿಸಿದೆವು. ಬಿಸಿ ಗಾಳಿಯಲ್ಲಿ ತೇವ ಆವಿಯಾಗೇ ಇರುತ್ತದೆ, ಫಿಲ್ಟರಿಗೆ ಸಿಗುವುದಿಲ್ಲ. ಒತ್ತಡವನ್ನು ಗಾಳಿ ಹರಿಯುತ್ತಿರುವಾಗಲೇ ನೋಡಬೇಕು. ಸುಮ್ಮನಿದ್ದಾಗ 5 ಬಾರ್ ತೋರಿಸಿ, ಸ್ವಿಚ್ ಒತ್ತಿದಾಗ 3ಕ್ಕೆ ಬೀಳುತ್ತಿತ್ತು. ಸಣ್ಣ ಪೈಪು ತೆಗೆದು ದಪ್ಪದ್ದು ಹಾಕಿದ ಮೇಲೆ ನಾಲ್ಕೂವರೆಯಲ್ಲಿ ನಿಂತಿತು.

ಎಲೆಕ್ಟ್ರೋಡು ತಾಮ್ರದ ಸಣ್ಣ ಗುಂಡಿ. ಅದರ ತುದಿಯಲ್ಲಿ ಹಾಫ್ನಿಯಂ ಎಂಬ ಲೋಹದ ಚುಕ್ಕೆ ಇರುತ್ತದೆ. ಇದನ್ನು 1923ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕಂಡುಹಿಡಿದರು, ಆ ಊರಿನ ಲ್ಯಾಟಿನ್ ಹೆಸರೇ ಹಾಫ್ನಿಯ. ಗಾಳಿಯಲ್ಲಿ ಉರಿದರೂ ತಡೆಯುವ ಗುಣ ಇದಕ್ಕಿದೆ, ಆದರೂ ಸವೆಯದೆ ಬಿಡುವುದಿಲ್ಲ. ಚುಕ್ಕೆಯ ಜಾಗ ಒಂದೂವರೆ ಮಿಲಿಮೀಟರಿನಷ್ಟು ಗುಳಿಬಿದ್ದರೆ ಬದಲಾಯಿಸಬೇಕು. ನಮ್ಮದು ಗೋಲಿ ಗುಂಡಿಯ ಹಾಗಿತ್ತು. ನಾಜಲ್ಲಿನ ತೂತು ದುಂಡಗಿರಬೇಕಾದದ್ದು ಹುಣಸೆಬೀಜದಂತಾಗಿತ್ತು. ಎರಡನ್ನೂ ಜೊತೆಗೇ ಹೊಸದು ಹಾಕಬೇಕು. ಒಂದನ್ನು ಹಳೇದೇ ಬಿಟ್ಟರೆ ಅದು ಹೊಸದನ್ನೂ ಕೆಡಿಸುತ್ತದೆ.

ಆಮೇಲೆ ಕ್ಲಾಂಪು. ವೆಲ್ಡಿಂಗಿನವರು ಇದನ್ನು 'ಅರ್ತ್' ಅನ್ನುತ್ತಾರೆ. ನೆಲದ ಅರ್ತಿಗೂ ಇದಕ್ಕೂ ಸಂಬಂಧವಿಲ್ಲ, ಇದು ಕರೆಂಟು ಮಷೀನಿಗೆ ವಾಪಸು ಹೋಗುವ ದಾರಿ. ಸ್ಪ್ರಿಂಗು ಸೋತ ಕ್ಲಾಂಪನ್ನು ತುಕ್ಕು ಹಿಡಿದ ಮೇಜಿಗೆ ಸಿಕ್ಕಿಸಿದರೆ ಆರ್ಕ್ ನಿಲ್ಲುವುದಾದರೂ ಹೇಗೆ? ಹೊಸ ಕ್ಲಾಂಪು ತಂದು, ಕೊಯ್ಯುವ ಪಟ್ಟಿಯ ತುಕ್ಕು ಉಜ್ಜಿ, ಪಟ್ಟಿಗೇ ಸಿಕ್ಕಿಸುವುದು ರೂಢಿ ಮಾಡಿದೆವು.

ಇಷ್ಟಾದ ಮೇಲೆ ಆರ್ಕ್ ನಿಂತಿತು. ವೈಂಡಿಂಗಿನವರು ಒಳಗೆ ನೋಡಿದಾಗ ಕಿಡಿಯ ಮೊನೆಗಳು ಉರಿದು ನಡುವಿನ ಸಂದು ಅಗಲವಾಗಿತ್ತು. ಸಂದು ಅಗಲವಾದಷ್ಟೂ ಕಿಡಿಗೆ ವೋಲ್ಟು ಹೆಚ್ಚು ಬೇಕು, ಗದ್ದಲವೂ ಹೆಚ್ಚು. ಮಷೀನಿನ ಪುಸ್ತಕದಲ್ಲಿ ಕೊಟ್ಟಷ್ಟೇ ಸಂದಿಗೆ ತಂದು ಬಿಗಿದರು. ಡೈರಿಯ ಬಟ್ಟು ಈಗಲೂ ಕುಣಿಯುತ್ತಿತ್ತು, ಆದರೆ ಬ್ಲೇಡು ಕೊಯ್ಯುವಷ್ಟು ಹೊತ್ತೂ ಅಲ್ಲ, ಶುರುವಿನಲ್ಲಿ ಒಂದೇ ಸಲ.

ಒಣನೆಲದ ಅರ್ತಿಂಗು

ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಇಲ್ಲಿದೆ. ಮಷೀನಿನ ಮೈಗೆ ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತಿತ್ತು. ಪ್ಲಗ್ಗು ಬಿಚ್ಚಿದರೆ ಒಳಗೆ ಹಸಿರು ತಂತಿಯನ್ನು ಹಿಂದಿನವರು ಕತ್ತರಿಸಿ ಮಡಚಿಟ್ಟಿದ್ದರು! ಶೆಡ್ಡಿನ ಅರ್ತ್ ತಂತಿಯನ್ನು ಹಿಡಿದು ಹೋದರೆ ಅದು ಗೋಡೆಯ ಹಿಂದೆ ಗರಸಿನಲ್ಲಿ ಹೂತ ಎರಡಡಿ ಸರಳಿಗೆ ಸೇರಿತ್ತು. ತಂತಿ ಸರಳನ್ನು ಸೇರುವ ಜಾಗ ತುಕ್ಕು ಹಿಡಿದು, ಕೈಯಲ್ಲಿ ಹಿಡಿದಾಗ ಬಂದುಬಿಟ್ಟಿತು. ಬೆಂಕಿ ಹಾಗೆ ಒಣಗಿದ ನೆಲ. ಇಂಥ ನೆಲದಲ್ಲಿ ಸರಳು ಇದ್ದರೂ ಒಂದೇ, ಬಿಟ್ಟರೂ ಒಂದೇ.

ಮಷೀನಿನ ಒಳಗೆ ಗದ್ದಲ ತಡೆಯುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಗದ್ದಲವನ್ನು ಹಿಡಿದು ಮೈಗೆ, ಮೈಯಿಂದ ನೆಲಕ್ಕೆ ದಾಟಿಸಬೇಕು. ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಅದು ಹೋಗುವುದೆಲ್ಲಿಗೆ? ಬಂದ ಫೇಸು, ನ್ಯೂಟ್ರಲ್ ಹಿಡಿದು ಕಂಬಕ್ಕೆ, ಕಂಬದಿಂದ ಡೈರಿಗೆ. ಗದ್ದಲದ ಮಾತು ಬಿಡಿ, ಒಂದು ದಿನ ಒಳಗಿನ ಫೇಸು ಮೈಗೆ ತಾಗಿದ್ದರೆ ಬರಿಗಾಲಲ್ಲಿ ಹಿಡಿದವನ ಗತಿ ಏನು?

ಕೆಲವರು ಒಂದು ಸುಲಭ ಉಪಾಯ ಹೇಳಿಕೊಡುತ್ತಾರೆ. ಮೂರನೇ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿಬಿಡು, ಟೆಸ್ಟರ್ ಉರಿಯಲ್ಲ ಅಂತ. ಇದನ್ನು ಯಾರೂ ಮಾಡಬಾರದು. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಮಷೀನಿನ ಮೈಗೆಲ್ಲ ಪೂರ್ತಿ 230 ವೋಲ್ಟು ಬರುತ್ತದೆ.

ನಾವು ಮಾಡಿದ್ದು ಇದು. ಬಚ್ಚಲು ನೀರು ಹೋಗಿ ನಾಲ್ಕು ಬಾಳೆ ಬೆಳೆದ ಜಾಗ ಶೆಡ್ಡಿನ ಹಿಂದೆ ಹದಿನೈದು ಅಡಿ ದೂರದಲ್ಲಿದೆ. ಊರಿಡೀ ಒಣಗಿದ್ದರೂ ಅಲ್ಲಿ ನೆಲ ತಂಪು. ಅಲ್ಲಿ ಎಂಟಡಿ ಗುಂಡಿ ತೋಡಿ, ತೂತು ಹೊಡೆದ ಜಿ.ಐ. ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು, ಕೆರೆಮಣ್ಣು ಪದರ ಪದರವಾಗಿ ತುಂಬಿದೆವು. ಪೈಪಿನ ಬಾಯಿಗೆ ಆಲಿಕೆ ಇಟ್ಟು ಬೇಸಿಗೆಯಲ್ಲಿ ವಾರಕ್ಕೆರಡು ಬಿಂದಿಗೆ ನೀರು. ಅಲ್ಲಿಂದ ಶೆಡ್ಡಿಗೆ ಜಿ.ಐ. ಪಟ್ಟಿಯನ್ನೇ ಎಳೆದೆವು. ಎಚ್.ಎಫ್. ಗದ್ದಲಕ್ಕೆ ಸಣ್ಣ ತಂತಿಗಿಂತ ಅಗಲ ಪಟ್ಟಿ ಒಳ್ಳೆ ದಾರಿ, ಆದಷ್ಟು ಗಿಡ್ಡ, ಸುತ್ತು ಬಳಸು ಇಲ್ಲದೆ. ಪ್ಲಗ್ಗಿನ ಹಸಿರು ತಂತಿ ಸೇರಿಸಿ, ಮಷೀನಿನ ಮೈಯ ಬೋಲ್ಟನ್ನೂ ಕೊಯ್ಯುವ ಮೇಜನ್ನೂ ಇದೇ ಪಟ್ಟಿಗೆ ಬಿಗಿದೆವು. ಎಲೆಕ್ಟ್ರಿಷಿಯನ್ ಬಂದು ಅರ್ತ್ ಅಳೆಯುವ ಮೀಟರಿನಲ್ಲಿ ನೋಡಿ ಸರಿಯಿದೆ ಅಂದರು. ಬೋರ್ಡಿನಲ್ಲಿ ಇ.ಎಲ್.ಸಿ.ಬಿ. ಕೂಡ ಹಾಕಿಸಿದೆವು.

ಅವತ್ತು ಸಂಜೆ ಡೈರಿಯ ಬಟ್ಟು 4.980 ಮತ್ತು 5.020ರ ನಡುವೆ ಆಡಿತು. ರೇಡಿಯೊ ಸರ್ವಿಸ್ ವೈರಿನ ಕೆಳಗೆ ಕೂಡ ತಣ್ಣಗಾಗಿತ್ತು.

ಉಳಿದ ಗದ್ದಲ

ಉಳಿದದ್ದಕ್ಕೆ ಎರಡು ಕೆಲಸ. ಒಂದಕ್ಕೆ ಕಾಸು ಬೇಡ. ಟಾರ್ಚಿನ ಪೈಪು ಒಂದು ದಿಕ್ಕು, ಕ್ಲಾಂಪಿನ ಕೇಬಲ್ಲು ಇನ್ನೊಂದು ದಿಕ್ಕು ಹೋದರೆ ಅವೆರಡರ ನಡುವಿನ ಜಾಗವೆಲ್ಲ ಸೇರಿ ರೇಡಿಯೊದ ಏರಿಯಲ್ ಆಗುತ್ತದೆ. ಎರಡನ್ನೂ ಜೊತೆಗೂಡಿಸಿ ನೆಲದ ಮೇಲೆ ಎಳೆದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದರ ಗದ್ದಲವನ್ನು ಇನ್ನೊಂದು ಅಳಿಸುತ್ತವೆ. ಮಿಕ್ಕ ಕೇಬಲ್ಲನ್ನು ಹಗ್ಗದ ಹಾಗೆ ಸುರುಳಿ ಸುತ್ತಿಡಬಾರದು. ಮೂರಡಿಗೊಂದು ಕಡೆ ಬಟ್ಟೆ ಪಟ್ಟಿ ಕಟ್ಟಿದೆವು.

ಎರಡನೆಯದು ಲೈನ್ ಫಿಲ್ಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥವು ಸಿಗುತ್ತವೆ. 30 ಆಂಪ್ಸಿನ ಲೋಹದ ಡಬ್ಬಿ. ಇದನ್ನು ಹಲಗೆಗೆ ಹೊಡೆದರೆ ಪ್ರಯೋಜನವಿಲ್ಲ. ಬಣ್ಣ ಕೆರೆದ ಕಬ್ಬಿಣದ ಪೆಟ್ಟಿಗೆಗೆ ಬಿಗಿದು, ಪೆಟ್ಟಿಗೆಯನ್ನು ಅರ್ತಿಗೆ ಸೇರಿಸಬೇಕು. ಒಳಗೆ ಬರುವ ತಂತಿಯನ್ನೂ ಹೊರಗೆ ಹೋಗುವ ತಂತಿಯನ್ನೂ ಒಟ್ಟಿಗೆ ಕಟ್ಟಬಾರದು, ಕಟ್ಟಿದರೆ ಗದ್ದಲ ಡಬ್ಬಿಯ ಪಕ್ಕದಲ್ಲೇ ಹಾರಿ ದಾಟುತ್ತದೆ. ಅರ್ತಿಲ್ಲದೆ ಫಿಲ್ಟರ್ ಕೊಳ್ಳುವುದು ಕಟ್ಟೆಯೊಡೆದ ಕೆರೆಗೆ ತೂಬು ಇಟ್ಟ ಹಾಗೆ. ಜೊತೆಗೆ ಡೈರಿಯವರನ್ನು ಕೇಳಿ ತಕ್ಕಡಿಯ ಅಡಾಪ್ಟರ್ ವೈರಿಗೆ ಫೆರೈಟ್ ಉಂಗುರ ಹಾಕಿ ಐದು ಸುತ್ತು ಸುತ್ತಿದೆವು. ತಕ್ಕಡಿಯ ಒಳಗೆ ಕೈ ಹಾಕಲಿಲ್ಲ. ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ, ಅದು ಒಡೆಯಕೂಡದು.

ಆಮೇಲೆ ಒಂದು ಸಂಜೆ ಹಾಲು ಹಾಕುವವರ ಎದುರಿಗೇ ಬಟ್ಟು ಇಟ್ಟೆವು. ತಕ್ಕಡಿಯ ಪ್ಲಗ್ಗು ಗೋಡೆಯಲ್ಲೇ ಇತ್ತು. ಹುಡುಗ ಶೆಡ್ಡಿನಲ್ಲಿ ಇಪ್ಪತ್ತು ಸಲ ಟಾರ್ಚ್ ಹೊತ್ತಿಸಿದ. ಬಟ್ಟು 5.000 ಬಿಟ್ಟು ಅಲುಗಲಿಲ್ಲ. ಒಂದೂವರೆ ಲೀಟರಿನ ಅಜ್ಜಿ ತಮ್ಮ ಕ್ಯಾನನ್ನೇ ಇಡಿಸಿ, ಇನ್ನೊಂದು ಸಲ ಒತ್ತಲು ಹೇಳಿ ಕಳಿಸಿದರು. ಅದೂ ಅಲುಗಲಿಲ್ಲ. ಆದರೂ ಬೆಳಿಗ್ಗೆ ಸಂಜೆ ಡೈರಿ ಹೊತ್ತಿನಲ್ಲಿ ನಾವು ಮಷೀನು ಹಚ್ಚುವುದಿಲ್ಲ. ಅರ್ತಿಗೆ ನೀರು ಹಾಕುವುದು ಯಾವತ್ತಾದರೂ ತಪ್ಪಬಹುದು, ಹಾಲಿನ ಲೆಕ್ಕ ತಪ್ಪಬಾರದು.

ಖರ್ಚಿನಲ್ಲಿ ದೊಡ್ಡದು ಅರ್ತಿಂಗಿನದು, ಆಳು ಸೇರಿ 4,200 ರೂಪಾಯಿ. ಎಲೆಕ್ಟ್ರೋಡು, ನಾಜಲ್ಲು, ಕ್ಲಾಂಪು, ಪೈಪು, ಫಿಲ್ಟರುಗಳು, ವೈಂಡಿಂಗಿನವರ ಕೂಲಿ ಎಲ್ಲ ಸೇರಿ ಇನ್ನೊಂದು 3,600. ಈ ಮುಂಗಾರಿಗೆ ನಾಲ್ಕು ಮನೆಗೂ ಸೇರಿ ಒಂಬತ್ತು ಕುಂಟೆ ಬ್ಲೇಡು, ಕೂರಿಗೆಗೆ ಎರಡು ಜೊತೆ ತಾಳು ಕೊಯ್ದಿದ್ದೇವೆ. ಎಂಟು ಮಿಲಿಮೀಟರ್ ಪಟ್ಟಿಗೆ 30 ಆಂಪ್ಸು ಸಾಕು. ಕೊಯ್ದ ಅಂಚು ಒಂದು ಗೆರೆಯಷ್ಟು ಗಡುಸಾಗಿರುತ್ತದೆ, ಅರ ಹಿಡಿಯುವುದಿಲ್ಲ. ಅದನ್ನು ಗ್ರೈಂಡರಿನಲ್ಲಿ ಸವರಿ ಬಾಯಿ ಮಾಡಿಕೊಳ್ಳಬೇಕು.

ಹಳೇ ಮಷೀನು ಕೊಳ್ಳುವವರು ಪ್ಲಗ್ಗು ಬಿಚ್ಚಿ ಹಸಿರು ತಂತಿ ಇದೆಯೇ ನೋಡಿ, ಗಾಳಿಯ ಬಟ್ಟಲು ನೋಡಿ, ಒಂದು ಅಡಿ ಪಟ್ಟಿಯನ್ನು ತಡೆಯಿಲ್ಲದೆ ಕೊಯ್ಯಿಸಿ ನೋಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಅವರನ್ನು ಇದರ ಹತ್ತಿರ ಬಿಡಬೇಡಿ, ವೈದ್ಯರನ್ನು ಕೇಳಿ. ಡೀಸೆಲ್ಲು, ಔಷಧಿ ತುಂಬಿದ್ದ ಮುಚ್ಚಿದ ಡ್ರಮ್ಮನ್ನು ಕೊಯ್ಯಲೇಬೇಡಿ, ಸಿಡಿಯುತ್ತದೆ. ಜಿ.ಐ. ತಗಡು ಕೊಯ್ದರೆ ಬರುವ ಬಿಳಿ ಹೊಗೆಗೆ ರಾತ್ರಿ ಚಳಿಜ್ವರ ಬರುತ್ತದೆ. ಕೊಯ್ಯಲೇಬೇಕಾದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೊಯ್ಯಿರಿ.

ಇನ್ನೂ ಬಗೆಹರಿಯದ್ದು ಒಂದಿದೆ. ಶೆಡ್ಡಿನ ಪಕ್ಕದ ಮನೆಯವರ ಬೋರಿನ ಮೊಬೈಲ್ ಸ್ಟಾರ್ಟರನ್ನು ರಿಪೇರಿಗೆಂದು ಮನೆಯಲ್ಲಿಟ್ಟುಕೊಂಡು ಹಚ್ಚಿ ನೋಡುವಾಗ, ನಾವು ಟಾರ್ಚ್ ಒತ್ತಿದರೆ ಕೆಲವು ಸಲ ಅದು ತಾನೇ ಆರಿ ಹತ್ತುತ್ತದೆ. ಇದು ಗಾಳಿಯಲ್ಲಿ ಹೋಗುವ ಗದ್ದಲ ಇರಬೇಕು. ಶೆಡ್ಡಿನ ಆ ಕಡೆಯ ಗೋಡೆಗೆ ಕೋಳಿಬಲೆ ಹೊಡೆದು ಅರ್ತಿಗೆ ಸೇರಿಸಿ ನೋಡಬೇಕೆಂದಿದ್ದೇವೆ. ಬ್ಲೋಬ್ಯಾಕ್ ಬಗೆಯ ಮಷೀನನ್ನು ಹಳ್ಳಿಯ ವೋಲ್ಟೇಜಿನಲ್ಲಿ ಎರಡು ಮೂರು ವರ್ಷ ಬಳಸಿದವರು ಯಾರಾದರೂ ಇದ್ದರೆ ಅದರ ಎಲೆಕ್ಟ್ರೋಡು ಎಷ್ಟು ಬಾಳುತ್ತದೆ ಎಂದು ಪತ್ರಿಕೆಗೆ ಬರೆದು ತಿಳಿಸಿ.